ವಿಮಾನಕ್ಕೆ ಕಟ್ಟಿಕೊಟ್ಟ ಔಷಧ

ಕರೀಮಾಬಿ ವಿಮಾನದಲ್ಲಿ ಹಜ್ ಯಾತ್ರೆಗೆ ಹೊರಟಿದ್ದಾಳೆ ಎಂದು ಗೊತ್ತಾದ ದಿನದಿಂದ ಹಳೇ ಹುಬ್ಬಳ್ಳಿಯ ನಮ್ಮ ಓಣಿಯಲ್ಲಿ ವಿಮಾನದ ವಿಷಯ ತಿಳಿಯದವರು ಒಬ್ಬರೂ ಉಳಿಯಲಿಲ್ಲ. ಬಸ್ಸು ಹತ್ತಿದರೆ ವಾಂತಿ ಮಾಡಿಕೊಳ್ಳುವ ಹೆಂಗಸರು ಕೂಡ ಮೇಲೆ ಹೋದಾಗ ಕಿವಿ ಹೇಗೆ ಮುಚ್ಚುತ್ತದೆ, ಉಪ್ಪಿನಕಾಯಿ ಭರಣಿ ಹೇಗೆ ಒಡೆಯುತ್ತದೆ ಎಂದು ವಿವರಿಸತೊಡಗಿದರು. ಒಬ್ಬಳು ಲವಂಗ ಜಗಿಯಬೇಕೆಂದಳು, ಇನ್ನೊಬ್ಬಳು ಹೊಟ್ಟೆಗೆ ಪಟ್ಟಿ ಬಿಗಿದುಕೊಳ್ಳಬೇಕೆಂದಳು. ಇವರಲ್ಲಿ ಯಾರೂ ವಿಮಾನವನ್ನು ತಲೆಯ ಮೇಲೆ ಹಾರುವಾಗಲ್ಲದೆ ಬೇರೆಲ್ಲೂ ಕಂಡವರಲ್ಲ. ನಾನೂ ಕಂಡಿರಲಿಲ್ಲ. ಆದರೆ ಬಾಯಿ ಮುಚ್ಚಿಕೊಂಡಿದ್ದೆ. ಆ ದಿನಗಳಲ್ಲಿ ನನಗೆ ಬಾಯಿ ತೆರೆಯುವುದೇ ಒಂದು ದೊಡ್ಡ ಕೆಲಸವಾಗಿತ್ತು.

ನಾನು ದವಾಖಾನೆಯೊಂದರಲ್ಲಿ ನರ್ಸು. ಹೆಸರು ಸಾವಕ್ಕ, ಓಣಿಯವರ ಬಾಯಲ್ಲಿ ನರ್ಸಬಾಯಿ. ನನ್ನ ಗಂಡ ಸೋಮಪ್ಪ ತಾಲೂಕು ಕಚೇರಿಯಲ್ಲಿ ಗುಮಾಸ್ತನಾಗಿದ್ದ. ಹಿಂದಿನ ಮಳೆಗಾಲದಲ್ಲಿ ಒಂದು ಸಂಜೆ ಕಚೇರಿಯಿಂದ ಬಂದವನು ಕೊಡೆಯನ್ನು ಮೂಲೆಗಿಟ್ಟು ನೀರು ಕೇಳಿದ. ನಾನು ತಂಬಿಗೆ ಹಿಡಿದು ಬರುವಷ್ಟರಲ್ಲಿ ಗೋಡೆಗೆ ಒರಗಿ ಹೋಗಿಬಿಟ್ಟಿದ್ದ. ಎದೆ ನೋಯುತ್ತದೆ ಎಂದು ಅವನು ಕಚೇರಿಯ ಜವಾನನ ಮುಂದೆ ಎರಡು ಮೂರು ಸಲ ಹೇಳಿದ್ದನಂತೆ. ಮನೆಯಲ್ಲಿ ನರ್ಸು ಹೆಂಡತಿ ಇದ್ದಳು. ಅವಳಿಗೆ ಮಾತ್ರ ಹೇಳಿರಲಿಲ್ಲ.

ನಾವು ಬುದ್ಧನ ದೀಕ್ಷೆ ತೆಗೆದುಕೊಂಡವರು. ನೆಂಟರಿಷ್ಟರು ಬಂದು ಬುದ್ಧವಂದನೆ ಹೇಳಿ ಮಣ್ಣು ಮಾಡಿ ಹೋದರು. ನಾನು ಅಳಲಿಲ್ಲ. ತಡೆದುಕೊಂಡೆ ಅಂತಲ್ಲ, ಬರಲೇ ಇಲ್ಲ. ಹಲ್ಲು ಕೀಳುವ ಮೊದಲು ಸೂಜಿ ಚುಚ್ಚಿದ ಮೇಲೆ ಗಲ್ಲ ನಮ್ಮದಲ್ಲ ಅನ್ನಿಸುತ್ತದಲ್ಲ, ನನ್ನ ಮೈಯೆಲ್ಲ ಹಾಗಾಗಿತ್ತು. ಅಡುಗೆ ಮಾಡುತ್ತಿದ್ದೆ, ದವಾಖಾನೆಗೆ ಹೋಗುತ್ತಿದ್ದೆ, ಗಾಯ ತೊಳೆದು ಪಟ್ಟಿ ಕಟ್ಟುತ್ತಿದ್ದೆ. ನರ್ಸಬಾಯಿಯ ಎದೆ ಕಲ್ಲು ಎಂದು ಓಣಿಯಲ್ಲಿ ಮಾತಾಯಿತು. ಅದು ಕಿವಿಗೆ ಬಿದ್ದಾಗಲೂ ಏನೂ ಅನ್ನಿಸಲಿಲ್ಲ.

ಎದುರು ಮನೆಯ ಕರೀಮಾಬಿ ಮಾತ್ರ ಏನೂ ಅನ್ನದೆ ದಿನಾ ಬೆಳಿಗ್ಗೆ ಬಂದು ನನ್ನ ಹೊಸ್ತಿಲ ಮೇಲೆ ಕೂಡುತ್ತಿದ್ದಳು. ನನಗಿಂತ ಹದಿನೈದು ವರ್ಷ ದೊಡ್ಡವಳು, ನಾನು ಆಪಾ ಎನ್ನುತ್ತಿದ್ದೆ. ಆಕೆಗೆ ದಮ್ಮಿನ ಬೇನೆ. ಓಣಿ ದಾಟಿ ಬರುವಷ್ಟಕ್ಕೇ ಎದೆಯಲ್ಲಿ ಸಿಳ್ಳು ಹಾಕಿದ ಹಾಗೆ ಸಪ್ಪಳವಾಗುತ್ತಿತ್ತು. ಸೆರಗಿನಡಿ ಚಹದ ಲೋಟ ತರುತ್ತಿದ್ದಳು. ನಾನು ಕುಡಿಯುವವರೆಗೂ ಏಳುತ್ತಿರಲಿಲ್ಲ. ಸಮಾಧಾನದ ಮಾತು ಒಂದೂ ಆಡಲಿಲ್ಲ, ಅದಕ್ಕೇ ಆಕೆಯನ್ನು ಸಹಿಸಿಕೊಂಡೆ. ಬೆಳಗಾಯಿತು ಎಂದು ನನಗೆ ತಿಳಿಯುತ್ತಿದ್ದದ್ದು ಆ ಉಸಿರಿನ ಸಪ್ಪಳದಿಂದ.

ಆಕೆಯ ಮಗ ನಿಜಾಮುದ್ದೀನ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್. ತಾಯಿಯನ್ನು ಹಜ್‌ಗೆ ಕರೆದುಕೊಂಡು ಹೋಗುವುದೊಂದೇ ಅವನ ತಲೆಯಲ್ಲಿತ್ತು. ಹಡಗಿನಲ್ಲಾದರೆ ಬಹಳ ದಿನದ ದಾರಿ, ಸಮುದ್ರದ ತಂಪು ಗಾಳಿಗೆ ಈಕೆಯ ಎದೆ ತಾಳುವುದಿಲ್ಲವೆಂದು ನಮ್ಮ ಡಾಕ್ಟರು ಖಂಡಿತವಾಗಿ ಹೇಳಿಬಿಟ್ಟರು. ಅವನು ರಾಯಾಪುರದ ಕಡೆ ಇದ್ದ ತುಂಡು ಹೊಲ ಮಾರಿ ಮುಂಬಯಿಯಿಂದ ವಿಮಾನದ ಏರ್ಪಾಡು ಮಾಡಿದ. ತಾನೂ ಜೊತೆಗೆ ಹೊರಟ.

ಔಷಧ ಕಟ್ಟುವ ಕೆಲಸ ನನ್ನ ಪಾಲಿಗೆ ಬಂತು. ನಮ್ಮ ಡಾಕ್ಟರು ಮೊದಲು ಮಿಲಿಟರಿಯಲ್ಲಿದ್ದವರು, ವಿಮಾನದಲ್ಲಿ ಓಡಾಡಿದವರು. ಅವರನ್ನು ಕೇಳಿಕೊಂಡು ಬಂದು ಕರೀಮಾಬಿಯ ಪಡಸಾಲೆಯಲ್ಲಿ ಚಾಪೆಯ ಮೇಲೆ ಎಲ್ಲ ಹರವಿಕೊಂಡು ಕೂತೆ. ನಿಜಾಮುದ್ದೀನ ಟ್ರಂಕಿನ ಬಾಯಿ ತೆರೆದು ಕಾದಿದ್ದ.

“ಟ್ರಂಕಿನ್ಯಾಗ ಔಷಧ ಬ್ಯಾಡಪಾ,” ಅಂದೆ. “ಅದು ವಿಮಾನದ ಹೊಟ್ಟ್ಯಾಗ ಹೋಗತೈತಂತ. ದಾರ್‍ಯಾಗ ದಮ್ಮ ಬಂದ್ರ ಹೊಟ್ಟಿ ಸೀಳಿ ತಗೀತೀಯೇನ? ಎಲ್ಲಾ ಕೈಚೀಲದಾಗ ಇರಬೇಕು, ಅವ್ವನ ತೊಡಿ ಮ್ಯಾಲೆ.”

“ಆತ್ರಿ ಮೌಶಿ.”

“ಮತ್ತ ಯಾವ ಬಾಟ್ಲಿನೂ ಕಂಠಮಟ ತುಂಬಬಾರದು. ಮ್ಯಾಲ ಹೋದಂಗ ಒಳಗಿನ ಗಾಳಿ ಉಬ್ಬತೈತಿ, ಬೂಚ ಹಾರತೈತಿ.”

ಕೆಮ್ಮಿನ ಔಷಧವನ್ನು ಬಾಟಲಿಯ ಭುಜದವರೆಗೆ ಇಳಿಸಿ, ಬಿರಡೆಯ ಮೇಲೆ ಬಟ್ಟೆ ಸುತ್ತಿ ದಾರದಿಂದ ಕುತ್ತಿಗೆಗೆ ಬಿಗಿದೆ. ಗುಳಿಗೆಗಳನ್ನು ಸಣ್ಣ ಡಬ್ಬಿಗಳಿಗೆ ಹಾಕಿದೆ. ಕರೀಮಾಬಿಗೆ ಓದು ಬಾರದು, ಅದಕ್ಕೆ ಬೆಳಗಿನ ಡಬ್ಬಿಗೆ ಬಿಳಿ ದಾರ, ಸಂಜೆಯದಕ್ಕೆ ಕರಿ ದಾರ ಕಟ್ಟಿದೆ. ಎಲ್ಲಕ್ಕಿಂತ ಮುಖ್ಯವಾದದ್ದು ಪಂಪು. ಅಂಗೈಯಲ್ಲಿ ಹಿಡಿಸುವ ಗಾಜಿನ ಬುಡ್ಡಿ, ಅದರ ಹಿಂದೆ ರಬ್ಬರಿನ ಗುಂಡು. ಗಾಜಿನ ಮೂತಿಯನ್ನು ಬಾಯಲ್ಲಿಟ್ಟು ಗುಂಡನ್ನು ಹಿಚುಕಿದರೆ ಔಷಧ ಹಬೆಯಾಗಿ ಎದೆಗಿಳಿಯುತ್ತದೆ, ಕಟ್ಟಿದ ಉಸಿರು ಬಿಡುತ್ತದೆ. ಅದಿಲ್ಲದೆ ದೊಡ್ಡ ದಮ್ಮು ಬಂದರೆ ಕರೀಮಾಬಿ ಉಳಿಯುವುದು ಕಷ್ಟವೆಂದು ನನಗೂ ಗೊತ್ತಿತ್ತು, ಆಕೆಗೂ ಗೊತ್ತಿತ್ತು. ಬುಡ್ಡಿಯಲ್ಲಿ ಔಷಧ ಅರ್ಧ ಹಾಕಿ, ಮೂತಿಗೆ ಸಣ್ಣ ಬಿರಡೆ ಸಿಕ್ಕಿಸಿ, ಹತ್ತಿಯಲ್ಲಿ ಸುತ್ತಿ ಕೈಚೀಲದ ತೀರ ಮೇಲಿಟ್ಟೆ.

“ಇನ್ನೊಂದ ಮಾತ ಆಪಾ,” ಅಂದೆ. “ಇಳಿಯೂ ಮುಂದ ವಿಮಾನದವರು ಡಬ್ಬಿ ಹಿಡಕೊಂಡ ಬಂದು ಒಳಗೆಲ್ಲಾ ಹುಳದ ಔಷಧ ಹೊಡೀತಾರಂತ. ಸೊಳ್ಳಿ, ನೊಣ ಆ ದೇಶಕ್ಕ ಹೋಗಬಾರದಂತ. ಅದರ ಹೊಗಿ ನಿಮ್ಮ ಎದಿಗೆ ಛಲೋ ಅಲ್ಲ. ಅವರು ಎದ್ದ ಕೂಡ್ಲೆ ಒದ್ದಿ ಅರಿವಿ ಮೂಗಿಗೆ ಹಿಡಕೋರಿ. ಆದ್ರೂ ದಮ್ಮ ಹತ್ತಿದ್ರ ಪಂಪ ತಗೀರಿ.”

ಕರೀಮಾಬಿ ಹೂಂ ಅಂದಳು. ಆಕೆಯ ಲಕ್ಷ್ಯ ನನ್ನ ಬಾಟಲಿಗಳ ಮೇಲಿರಲಿಲ್ಲ. ಮಗ ಒಳಗೆ ಹೋದ ಕೂಡಲೇ ಗೋಡೆಯ ಗೂಡಿನಿಂದ ಒಂದು ಗಂಟು ತೆಗೆದು ನನ್ನ ಮುಂದೆ ಬಿಚ್ಚಿದಳು. ಬಿಳಿ ಬಟ್ಟೆ, ಐದು ತುಂಡು. ಆಕೆಯ ಕಫನ್, ಸತ್ತ ಮೇಲೆ ಮೈಗೆ ಸುತ್ತುವ ಬಟ್ಟೆ. ಕತ್ತರಿ ಸೋಕಿಸದೆ ಕೈಯಿಂದ ಹರಿದದ್ದು, ಸೂಜಿ ಕಾಣದ್ದು. ನಡುವೆ ಕರ್ಪೂರದ ಪುಡಿಕೆ, ಅತ್ತರಿನ ಸಣ್ಣ ಶೀಶೆ. ಹಜ್‌ಗೆ ಹೋಗುವವರು ಇದನ್ನು ಒಯ್ದು ಮೆಕ್ಕಾದ ಝಮ್‌ಝಮ್ ಬಾವಿಯ ನೀರಿನಲ್ಲಿ ಅದ್ದಿ ಒಣಗಿಸಿ ತರುತ್ತಾರೆ. ಅಲ್ಲೇ ತೀರಿಕೊಂಡರೆ ಅಲ್ಲೇ ಹೊದಿಸುತ್ತಾರೆ. ಕರೀಮಾಬಿ ಮದುವೆಗೆ ಕೊಂಡ ಸೀರೆಯನ್ನು ತೋರಿಸುವವಳ ಹಾಗೆ ಅದನ್ನು ಸವರಿ ಸವರಿ ತೋರಿಸಿದಳು.

“ಅರಿವಿ ಛಲೋ ಐತಿ,” ಅಂದೆ.

ಮರುದಿನ ಮಧ್ಯಾಹ್ನ ನಾನು ಜೋಳ ಹಸನು ಮಾಡುತ್ತ ಕೂತಿದ್ದಾಗ ಆಕೆ ಬಂದಳು. ಹಿಂದೆ ಮುಂದೆ ನೋಡಿ ಸೆರಗಿನಡಿಯಿಂದ ಪಂಪು ತೆಗೆದು ಮೊರದಲ್ಲಿದ್ದ ಜೋಳದ ಮೇಲಿಟ್ಟಳು. ನಾನು ಸುತ್ತಿದ ಹತ್ತಿ ಹಾಗೆಯೇ ಇತ್ತು.

“ಇದನ್ನ ನೀ ಇಟಗೋ ಸಾವಕ್ಕ.”

“ಯಾಕ್ರೀ?”

“ಅಲ್ಲಿ ಮಣ್ಣಾಗಾಕ ನಸೀಬ ಬೇಕು. ನಾ ನಾನss ಆಗಿ ಸಾಯಾಕ ಹೊಂಟಿಲ್ಲ, ಅದು ಪಾಪ. ಆದ್ರ ಅಲ್ಲಾ ಕರದಾಗ ಇದನ್ನ ಹಿಚಗಿಕೋತ ಕುಂದ್ರೂದು ಬ್ಯಾಡ ನನಗ. ಇಲ್ಲಿ ಬಂದು ಮತ್ತ ಏನ ಮಾಡೂದೈತಿ? ಮಗಗ ಮುದುಕಿ ದಮ್ಮ ಕೇಳಿ ಕೇಳಿ ಸಾಕಾಗೇತಿ. ಅವಂಗ ಹೇಳಬ್ಯಾಡ.”

ಜಗಳವಾಡಬೇಕಿತ್ತು. ನಿಜಾಮುದ್ದೀನನನ್ನು ಕೂಗಬೇಕಿತ್ತು. ಬೇರೆ ಯಾರಾದರೂ ರೋಗಿ ಹೀಗಂದಿದ್ದರೆ ನಾನು ಕೂಗಾಡಿ ದವಾಖಾನೆಯನ್ನೇ ತಲೆಯ ಮೇಲೆ ಎತ್ತಿಕೊಳ್ಳುತ್ತಿದ್ದೆ. ಆದರೆ ಆ ಮಾತು ನನ್ನ ಕಿವಿಗೆ ಬಿತ್ತು, ಅಲ್ಲಿಂದ ಕೆಳಗೆ ಇಳಿಯಲಿಲ್ಲ. ಹೂಂ ಅಂದೆ. ಪಂಪನ್ನು ಎತ್ತಿ ಗೋಡೆಯ ಮಾಡದಲ್ಲಿಟ್ಟು ಮತ್ತೆ ಜೋಳದಲ್ಲಿ ಕಲ್ಲು ಆರಿಸಿದೆ. ಆಕೆಗೆ ನಾನು ಒಪ್ಪಿದೆ ಅನ್ನಿಸಿರಬೇಕು, ತಲೆಯ ಮೇಲೆ ಕೈಯಿಟ್ಟು ಹೋದಳು. ಬೇರೆ ಯಾರನ್ನೂ ಕೇಳದೆ ಆಕೆ ನನ್ನನ್ನೇ ಕೇಳಿದ್ದು ಯಾಕೆಂದು ನನಗೆ ಗೊತ್ತಿತ್ತು. ಯಾರು ಹೋದರೂ ಏನೂ ಅನ್ನದವಳು ಓಣಿಯಲ್ಲಿ ನಾನೊಬ್ಬಳೇ.

ಹೊರಡುವ ದಿನ ಬೆಳಿಗ್ಗೆ ಆಕೆಯ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಎಲ್ಲ ಜಾತಿಯವರೂ ಮಾಲೆ ಹಿಡಿದು ಬಂದಿದ್ದರು. ಹಜ್‌ಗೆ ಹೋಗುವವರ ಹತ್ತಿರ ಮಾಫಿ ಕೇಳಿಕೊಳ್ಳಬೇಕೆಂದು ಹೆಂಗಸರು ಸರದಿಯಲ್ಲಿ ನಿಂತು ಹಳೆಯ ಜಗಳಗಳನ್ನೆಲ್ಲ ನೆನಪು ಮಾಡಿ ಮಾಡಿ ಅಳುತ್ತಿದ್ದರು. ಕೆಲವು ಜಗಳ ಅಲ್ಲೇ ಮತ್ತೆ ಹತ್ತಿಕೊಳ್ಳುವ ಹಾಗೆ ಕಂಡಿತು. ನಿಜಾಮುದ್ದೀನ ಬೆವರಿಳಿಸುತ್ತ ನನ್ನ ಹತ್ತಿರ ಬಂದ.

“ಮೌಶಿ, ಕೈಚೀಲ ಒಮ್ಮೆ ನೋಡ್ರಲ್ಲಾ, ಎಲ್ಲಾ ಬರೋಬ್ಬರಿ ಐತಿಲ್ಲೋ.”

ಒಳಮನೆಗೆ ಹೋದೆ. ಮಂಚದ ಮೇಲೆ ಕೈಚೀಲ, ಅದರ ಪಕ್ಕ ಕಫನಿನ ಗಂಟು. ಪಂಪು ನನ್ನ ನಡುವಿನಲ್ಲಿ ಸೀರೆಯ ಮಡಿಕೆಯಲ್ಲಿತ್ತು. ಯಾಕೆ ತಂದಿದ್ದೆನೆಂದು ಕೇಳಿದರೆ ಹೇಳಲಾರೆ. ಮನೆಯಿಂದ ಹೊರಡುವಾಗ ಕೈ ತಾನಾಗಿ ಮಾಡದ ಕಡೆ ಹೋಗಿತ್ತು. ಕೈಚೀಲದಲ್ಲಿಟ್ಟರೆ ಆಕೆ ಮತ್ತೆ ತೆಗೆಯುತ್ತಾಳೆ. ಟ್ರಂಕು ವಿಮಾನದ ಹೊಟ್ಟೆಗೆ ಹೋಗುತ್ತದೆ. ಆಕೆ ಕೈಬಿಡದ ವಸ್ತು ಒಂದೇ ಇತ್ತು. ಗಂಟು ಬಿಚ್ಚಿ, ಬಟ್ಟೆಯ ನಡುವಿನ ಮಡಿಕೆಯಲ್ಲಿ ಪಂಪನ್ನಿಟ್ಟು, ಗಾಜಿಗೆ ಪೆಟ್ಟಾಗದಂತೆ ಎರಡೂ ಬದಿ ಒತ್ತಾಗಿ ಸುತ್ತಿದೆ. ಈ ಔಷಧಕ್ಕೆ ಬೆಳಕು ಬೀಳಬಾರದು. ಕಫನಿಗಿಂತ ಕತ್ತಲೆಯ ಜಾಗ ಇನ್ನಾವುದು? ಮತ್ತೆ ಮೊದಲಿನಂತೆಯೇ ಗಂಟು ಹಾಕಿದೆ. ಆಗಲೂ ಎದೆ ಹೊಡೆದುಕೊಳ್ಳಲಿಲ್ಲ. ದವಾಖಾನೆಯಲ್ಲಿ ಪಟ್ಟಿ ಕಟ್ಟಿದಷ್ಟೇ ಸಲೀಸಾಗಿ ಕಟ್ಟಿದೆ.

ಹೊರಗೆ ಬಂದು, “ಎಲ್ಲಾ ಐತಿ,” ಅಂದೆ. ಕರೀಮಾಬಿ ಮಾಲೆಗಳ ನಡುವಿನಿಂದ ನನ್ನನ್ನು ನೋಡಿ ನಕ್ಕಳು. ಗಂಟನ್ನು ಎದೆಗವಚಿಕೊಂಡು ಟಾಂಗಾ ಹತ್ತಿದಳು. ಎಲ್ಲರೂ ಸ್ಟೇಶನ್ನಿನವರೆಗೆ ಹೋದರು. ನಾನು ಡ್ಯೂಟಿಗೆ ಹೋದೆ.

ಆಮೇಲಿನ ಬೆಳಗುಗಳ ಬಗ್ಗೆ ಹೇಳುವಂಥದ್ದು ಏನಿಲ್ಲ. ಹೊಸ್ತಿಲು ಖಾಲಿ ಇತ್ತು, ಗುಡಿಸುವುದು ಸುಲಭವಾಯಿತು. ಚಹ ಮಾಡಿಕೊಳ್ಳುವ ಮನಸ್ಸಾಗಲಿಲ್ಲ, ಬಿಟ್ಟೆ. ದವಾಖಾನೆಗೆ ಒಬ್ಬ ದಮ್ಮಿನ ಮುದುಕ ಬಂದಿದ್ದ. ಅವನ ಎದೆಯ ಸಪ್ಪಳ ಕೇಳುತ್ತ ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಅವನ ಹತ್ತಿರ ನಿಂತೆ. ಕರೀಮಾಬಿ ಗಂಟು ಬಿಚ್ಚಿದಳೋ ಇಲ್ಲವೋ, ಬಿಚ್ಚಿದ್ದರೆ ಯಾಕೆ ಬಿಚ್ಚಿರಬಹುದು ಎಂಬುದು ಅನ್ನ ಬಸಿಯುವಾಗ, ಸೂಜಿ ಕುದಿಸುವಾಗ ತಲೆಗೆ ಬರುತ್ತಿತ್ತು. ಬಂದು ಅಲ್ಲೇ ನಿಲ್ಲುತ್ತಿತ್ತು. ಓಣಿಗೆ ಯಾವ ಸುದ್ದಿಯೂ ಇರಲಿಲ್ಲ.

ಮುಂಗಾರು ಹಿಡಿಯುವ ಹೊತ್ತಿಗೆ ತಾಯಿ ಮಗ ಇಬ್ಬರೂ ತಿರುಗಿ ಬಂದರು. ಟಾಂಗಾದಿಂದ ಇಳಿಯುವ ಕರೀಮಾಬಿಯನ್ನು ನನ್ನ ಬಾಗಿಲಲ್ಲಿ ನಿಂತು ನೋಡಿದೆ. ಕಪ್ಪಗಾಗಿದ್ದಳು, ಬಡಕಲಾಗಿದ್ದಳು, ಉಸಿರಾಡುತ್ತಿದ್ದಳು. ಓಣಿಯೆಲ್ಲ ಆಕೆಯ ಕೈ ಮುಟ್ಟಿ ಕಣ್ಣಿಗೊತ್ತಿಕೊಂಡಿತು. ಖರ್ಜೂರ ಹಂಚಿದರು. ನನ್ನ ಪಾಲಿನ ಖರ್ಜೂರವನ್ನು ಮಗನ ಕೈಯಲ್ಲಿ ಕಳಿಸಿದಳು. ನನ್ನ ಕಡೆ ತಿರುಗಿ ಕೂಡ ನೋಡಲಿಲ್ಲ.

ಮರುದಿನ ಬೆಳಿಗ್ಗೆ ಹೊಸ್ತಿಲಿನಲ್ಲಿ ಸಪ್ಪಳ ಕೇಳಿತು. ಚಹ ತಂದಿರಲಿಲ್ಲ.

“ಕಫನದಾಗ ಔಷಧ ಇಡತಾರೇನ ಯಾರರೆ?” ಅಂದಳು.

ನಾನು ಬಾಗಿಲಿಗೆ ಒರಗಿ ನಿಂತೆ.

“ಕಿಟಕ್ಯಾಗ ಭೂಮಿ ಕಾಣಾಕತ್ತಿತ್ತು ಸಾವಕ್ಕ. ಕೆಂಪನ್ನ ಮಣ್ಣು. ಅದನ್ನ ನೋಡಕೋತ ಕುಂತು ನೀ ಹೇಳಿದ ಒದ್ದಿ ಅರಿವಿ ಮರತೆ. ಆ ಹುಡುಗ ಡಬ್ಬಿ ಹಿಡಕೊಂಡು ಬುಸ್ ಬುಸ್ ಅಂತ ಹೊಡಕೋತ ಬಂದs ಬಿಟ್ಟ. ಎದಿ ಹಿಡೀತು ನೋಡು. ಇಂಥಾದ್ದು ಜನ್ಮದಾಗ ಬಂದಿರಲಿಲ್ಲ. ನಿಜಾಮ ಕೈಚೀಲ ಪೂರಾ ಝಾಡಿಸಿದ. ಪಂಪ ಇಲ್ಲ. ‘ಅಮ್ಮಾ, ಪಂಪ ಎಲ್ಲಿ, ಪಂಪ ಎಲ್ಲಿ’ ಅಂತ ಅವನ ಮಾರಿ ಹೆಂಗಾಗಿತ್ತಂದ್ರ…” ಆಕೆ ಸೆರಗಿನಿಂದ ಮುಖ ಒರೆಸಿಕೊಂಡಳು. “ನಾ ಅಂದಕೊಂಡಿದ್ದೆ, ಕರದಾಗ ಸುಮ್ಮನ ಹೋಗತೇನಿ ಅಂತ. ಏನೂ ಸುಮ್ಮನಲ್ಲ. ಕಾಲ ಝಾಡಿಸಿದೆ. ಕೈಯಾಗಿನ ಗಂಟ ಹಿಚಗಿದೆ. ಒಳಗ ಏನೋ ಗಟ್ಟಿ ಹತ್ತಿತು.”

“ಬಿಚ್ಚಿದ್ರಿ.”

“ಹಲ್ಲೀಲೆ ಬಿಚ್ಚಿದೆ. ನನ್ನ ಕಫನ ನಾನs ಹಲ್ಲೀಲೆ ಎಳದು ಒಗದು, ಅದರಾಗಿಂದ ಉಸುರ ತಗೊಂಡೆ. ಬಾಜೂಕಿನವರು ಹೆದರಿ ಎದ್ದ ನಿಂತಿದ್ರು.”

ಆಕೆಯ ಮುಖದಲ್ಲಿ ನಗು ಇರಲಿಲ್ಲ.

“ಅಲ್ಲಿ ನಮ್ಮ ಬಿಡಾರದಾಗ ಮಲಬಾರ ಕಡೆ ಹೆಣ್ಮಗಳೊಬ್ಬಾಕಿ ಇದ್ಲು. ಜಡ್ಡಿಲ್ಲ ಜಾಪತ್ರಿಲ್ಲ, ಮಧ್ಯಾನ ನಮಾಜಿಗೆ ಬಗ್ಗಿದಾಕಿ ಏಳಲಿಲ್ಲ. ಆಕಿ ಹಂತ್ಯಾಕ ಕಫನ ಇರಲಿಲ್ಲ, ನಂದು ಕೊಟ್ಟೆ. ಕೊಡೂ ಮುಂದ ಹೊಟ್ಟಿಕಿಚ್ಚ ಆತು, ಖರೇ ಹೇಳತೇನಿ. ನನ್ನ ಜಾಗಾ ಆಕಿ ತಗೊಂಡ್ಲಂತ. ಅವತ್ತ ಸಂಜೀಕ ಮತ್ತ ದಮ್ಮ ಹತ್ತಿತು. ಪಂಪ ಕೈಯಾಗಿತ್ತು. ಒಗೀಬೇಕಿತ್ತು. ಒಗೀಲಿಲ್ಲ. ಹಿಚಗಿದೆ.” ತಲೆಯೆತ್ತಿ ನನ್ನನ್ನು ನೇರವಾಗಿ ನೋಡಿದಳು. “ಆಸಿ ಅಂಬೂದು ಹಚ್ಚಿಬಿಟ್ಟಿ ನೋಡ ನನಗ. ಈಗ ಸಾಯಾಕ ಅಂಜಿಕಿ ಬರತೈತಿ. ಯಾಕ ಇಟ್ಟಿ ಅದನ್ನ? ಇಡಬ್ಯಾಡ ಅಂದಿದ್ನಲ್ಲ?”

ನರ್ಸಿನ ಕೆಲಸ ಮಾಡಿದೆ ಎಂದು ಹೇಳಬೇಕೆಂದು ಬಾಯಿ ತೆರೆದೆ. ಬಂದದ್ದೇ ಬೇರೆ.

“ಯಾಕಂದ್ರ? ಯಾಕಂದ್ರ? ದಿನಾ ಮುಂಜಾನೆ ಬಂದು ಇಲ್ಲಿ ಕುಂದ್ರಾಕ ನಾ ಕರದಿದ್ನೇನ ನಿನ್ನ? ಚಹಾ ಕುಡಸು ಅಂದಿದ್ನೇನ?” ಆಪಾ ಎಂದು ಗೌರವದಿಂದ ಮಾತಾಡುತ್ತಿದ್ದವಳ ಬಾಯಲ್ಲಿ ಏಕವಚನ ಉದುರುತ್ತಿತ್ತು, ತಡೆಯಲು ಆಗಲಿಲ್ಲ. “ನೀನs ಬಂದಿ, ನೀನs ಕುಂತಿ, ಚಟಾ ಹಚ್ಚಿದಿ. ಆಮ್ಯಾಲೆ ಬಂದು, ನಾ ಹೊಂಟೆ, ಪಂಪ ನೀ ಇಟಗೋ ಅಂತ ನನ್ನ ಕೈಯಾಗs ಕೊಡತೀಯಲ್ಲ, ನಾಚಿಕಿ ಬರಲಿಲ್ಲ ನಿನಗ? ನಾ ಏನ ಮಾಡ್ಲಿ ಅಂತ ಒಂದ ಮಾತ ಕೇಳಿದ್ದೇನ? ಮಗನ ಸುದ್ದಿ ಹೇಳಿದಿ, ಮಣ್ಣಿನ ಸುದ್ದಿ ಹೇಳಿದಿ. ನನ್ನ ಸುದ್ದಿ ಎಲ್ಲಿತ್ತು?”

ಓಣಿಯ ಬಾಗಿಲುಗಳು ಒಂದೊಂದೇ ತೆರೆದವು. ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಕರೀಮಾಬಿ ಬೆರಗಾಗಿ ಕೂತಿದ್ದಳು.

“ಅಂವಾ ಹಿಂಗs ಮಾಡಿದ,” ಅಂದೆ. “ಎದಿ ನೋಯತೈತಿ ಅಂತ ಜವಾನಗ ಹೇಳ್ಯಾನ, ನನಗ ಹೇಳಲಿಲ್ಲ. ನೀರ ಕೇಳಿ ಹೋಗಿಬಿಟ್ಟ. ಅಂವಾ ಹೇಳದ ಹ್ವಾದ, ನೀ ಹೇಳಿ ಹೊಂಟಿದ್ದಿ. ಅಷ್ಟs ಫರಕ!”

ಸೋಮಪ್ಪನ ಮೇಲೆ ನನಗೆ ಇಷ್ಟು ಸಿಟ್ಟಿತ್ತೆಂದು ಆ ಮಾತು ಹೊರಗೆ ಬಿದ್ದ ಮೇಲೇ ನನಗೆ ಗೊತ್ತಾಯಿತು. ಅಲ್ಲೇ ಆಕೆಯ ಪಕ್ಕ ಕೂತೆ. ಅಳು ಬಂತು. ಚಂದದ ಅಳುವೇನಲ್ಲ, ಮೂಗು ಬಾಯಿ ಎಲ್ಲ ಸೇರಿ ಬಂತು. ಎದುರು ಮನೆಯಿಂದ ನಿಜಾಮುದ್ದೀನ ಗಾಬರಿಯಾಗಿ ಓಡಿ ಬಂದ. ಕರೀಮಾಬಿ ಕೈ ಬೀಸಿ ಅವನನ್ನು ಆಚೆ ಕಳಿಸಿದಳು.

“ಬೈ,” ಅಂದಳು ನನಗೆ. “ಅವನ್ನೂ ಬೈ, ನನ್ನೂ ಬೈ. ಕೇಳಾಕತ್ತೇನಿ.”

ಇಬ್ಬರನ್ನೂ ಬೈದೆ. ಓಣಿಯವರೆಲ್ಲ ನೋಡುತ್ತಿದ್ದ ಹಾಗೆ ಸತ್ತವನನ್ನೂ ಬದುಕಿ ಬಂದವಳನ್ನೂ ಸೇರಿಸಿ, ಅಳುತ್ತ, ಬಿಸಿಲು ಹೊಸ್ತಿಲಿಗೆ ಬರುವವರೆಗೆ ಬೈದೆ. ಆವತ್ತು ಡ್ಯೂಟಿಗೆ ಹೋಗಲಿಲ್ಲ.